ಹಳೆಯ ಮನೆ ಕೊಳ್ಳುವ ಮುನ್ನ ಪೈಪುಗಳನ್ನು ನೋಡುವ ಬಗೆ

ಕೋಲಾರದ ಹಳೆಯ ಮನೆಗಳಲ್ಲಿ ನಗರಸಭೆಯ ನಲ್ಲಿ, ಕೊಳವೆಬಾವಿ ಮತ್ತು ಟ್ಯಾಂಕರ್, ಈ ಮೂರರ ನೀರನ್ನೂ ಹೊಂದಿಸಿಕೊಳ್ಳಲು ಮನೆಯವರೇ ಆಗಾಗ ಪೈಪು ಸೇರಿಸಿರುವುದುಂಟು. ಆದ್ದರಿಂದ ಪರಿಶೀಲನೆಯನ್ನು ಸಂಪಿನ ಬಳಿಯಿಂದಲೇ ಆರಂಭಿಸಬೇಕು. ಕೊಳವೆಬಾವಿಯ ಪೈಪು, ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್‌ರಿಟರ್ನ್ ವಾಲ್ವ್ ಕೂಡ ಇಲ್ಲದೆ ನಲ್ಲಿಯ ಪೈಪಿಗೆ ನೇರವಾಗಿ ಕೂಡಿದ್ದರೆ, ಒಂದರ ನೀರು ಇನ್ನೊಂದಕ್ಕೆ ಹಿಮ್ಮುಖವಾಗಿ ನುಗ್ಗಬಹುದು.

ಹೆಚ್ಚು ಹೊತ್ತು ಕಳೆಯಬೇಕಾದದ್ದು ತಾರಸಿಯಲ್ಲಿ. ಸೋಲಾರ್ ಹೀಟರಿನಿಂದ ಇಳಿಯುವ ಬಿಸಿನೀರಿಗೆ ಸಿಪಿವಿಸಿ ಎಂಬ, ಬಿಸಿ ತಾಳುವ ಪ್ಲಾಸ್ಟಿಕ್ ಪೈಪು ಬೇಕು. ಅದರ ಮೈಮೇಲೆ ಹೆಸರು ಅಚ್ಚಾಗಿರುತ್ತದೆ. ಅಗ್ಗವೆಂದು ಸಾಧಾರಣ ಪಿವಿಸಿ ಹಾಕಿದ್ದರೆ, ಅದು ಬಿಸಿಗೆ ಮೆತ್ತಗಾಗಿ ಎರಡು ಕ್ಲ್ಯಾಂಪುಗಳ ನಡುವೆ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದಿರುತ್ತದೆ. ನಾನು ನೋಡಿದ ಒಂದು ಮನೆಯಲ್ಲಿ ಅಂತಹ ಜಾಯಿಂಟಿಗೆ ಸೈಕಲ್ ಟ್ಯೂಬು ಸುತ್ತಿ, ತಂತಿ ಬಿಗಿದು, ಮೇಲೆ ಬಣ್ಣ ಬಳಿದಿದ್ದರು. ಜಾಣತನವೇನೋ ಸರಿ, ಆದರೆ ಕೆಳಗಿನ ಗೋಡೆಯ ಮೇಲೆ ಗಡಸುನೀರಿನ ಬಿಳಿ ಗೆರೆ ಸೋರಿಕೆಯನ್ನು ಬಯಲು ಮಾಡಿತ್ತು.

ಕೊನೆಯಲ್ಲಿ ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು, ಅದು ಹೊರಗಿನ ಚೇಂಬರಿಗೆ (ಕೊಳಚೆನೀರಿನ ಪೈಪುಗಳು ಸೇರುವ ಗುಂಡಿಗೆ) ಸರಿಯಾಗಿ ಬರುತ್ತದೆಯೋ ತಪ್ಪಿ ಮಳೆನೀರಿನ ಚರಂಡಿಗೆ ಹೋಗುತ್ತದೆಯೋ ನೋಡಬೇಕು. ಸಿಂಕಿನ ಕೆಳಗೆ ಬಾಗಿದ ಟ್ರ್ಯಾಪ್ ಇಲ್ಲದೆ ನೇರ ಪೈಪಿದ್ದರೆ, ಚರಂಡಿಯ ವಾಸನೆ ಅಡುಗೆಮನೆಗೇ ಬರುತ್ತದೆ.