‘ರೋಮನ್ ಹಾಲಿಡೇ’ಯ ಹೊಸ ಡಿಸ್ಕನ್ನು ಮನೆಯ ಟಿವಿಯಲ್ಲಿ ಸರಿಯಾಗಿ ನೋಡುವ ಕ್ರಮ

ವಿಲಿಯಂ ವೈಲರ್ ನಿರ್ದೇಶಿಸಿದ, ಆಡ್ರೆ ಹೆಪ್‌ಬರ್ನ್ ಮತ್ತು ಗ್ರೆಗರಿ ಪೆಕ್ ಅಭಿನಯದ 1953ರ ‘ರೋಮನ್ ಹಾಲಿಡೇ’ ಚಿತ್ರವನ್ನು ಪ್ಯಾರಮೌಂಟ್ ಸಂಸ್ಥೆ ರಿಸ್ಟೋರ್ ಮಾಡಿ 2020ರಲ್ಲಿ ಬ್ಲೂ-ರೇ ಡಿಸ್ಕಾಗಿಯೂ, ಚಿತ್ರಕ್ಕೆ 70 ವರ್ಷ ತುಂಬಿದ 2023ರಲ್ಲಿ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಾಗಿಯೂ ಹೊರತಂದಿದೆ. ಆದರೆ ಅಂಗಡಿಯಿಂದ ತಂದ ಟಿವಿಯನ್ನು ಹಾಗೆಯೇ ಬಿಟ್ಟು ಈ ಚಿತ್ರವನ್ನು ನೋಡಿದರೆ ರಿಸ್ಟೋರ್ ಮಾಡಿದವರ ಶ್ರಮದ ಬಹುಭಾಗ ಪರದೆಗೆ ಬರುವುದೇ ಇಲ್ಲ. ಟಿವಿಗೆ ಏನನ್ನಾದರೂ ಸೇರಿಸುವುದಕ್ಕಿಂತ, ಅದು ತಾನಾಗಿ ಮಾಡುವ ‘ಸುಧಾರಣೆ’ಗಳನ್ನು ಒಂದೊಂದಾಗಿ ನಿಲ್ಲಿಸುವುದೇ ಇಲ್ಲಿ ಮುಖ್ಯವಾದ ಕೆಲಸ.

ಅದಕ್ಕೂ ಮೊದಲು ಈ ಚಿತ್ರದ ಹಿನ್ನೆಲೆಯನ್ನು ತಿಳಿದುಕೊಳ್ಳಬೇಕು. ಇದರ ಮೂಲ ನೆಗೆಟಿವ್ ಇಟಲಿಯ ಲ್ಯಾಬ್ ಒಂದರಲ್ಲಿ ಸಂಸ್ಕರಣೆಯಾದಾಗಲೇ ಗೀರುಗಳು ಬಿದ್ದು ಹಾಳಾಗಿತ್ತು. ಆದ್ದರಿಂದ ಅದರಿಂದ ‘ಫೈನ್ ಗ್ರೇನ್’ ಎಂಬ, ನಯವಾದ ಕಣಗಳ ಫಿಲ್ಮಿನ ಒಂದು ಪ್ರತಿಯನ್ನು ತೆಗೆದು, ಆ ಪ್ರತಿಯಿಂದ ಇನ್ನೊಂದು ನೆಗೆಟಿವ್ ಮಾಡಿ ಚಿತ್ರಮಂದಿರಗಳಿಗೆ ಪ್ರಿಂಟ್ ಕಳಿಸಲಾಯಿತು. ಹೊಸ ಆವೃತ್ತಿಗೆ ಆಧಾರವಾದದ್ದು ಹೀಗೆ ಮಾಡಿದ ಪ್ರತಿಯ 4ಕೆ ಸ್ಕ್ಯಾನ್. ಹೀಗಾಗಿ ಚಿತ್ರದಲ್ಲಿ ಅಲ್ಲಲ್ಲಿ ಕಾಣುವ ಮೃದುತ್ವವೂ ಮೇಲೆ ಸಣ್ಣಗೆ ಮಿಸುಕುವ ಗ್ರೇನ್ (ಫಿಲ್ಮಿನ ಕಣಗಳು) ಕೂಡ ದೋಷಗಳಲ್ಲ. ಗ್ರೇನನ್ನು ಅಳಿಸಿದರೆ ಅದರೊಂದಿಗೆ ಮುಖದ ಚರ್ಮದ, ಬಟ್ಟೆಯ ನೇಯ್ಗೆಯ ಸೂಕ್ಷ್ಮ ವಿವರವೂ ಅಳಿಸಿಹೋಗುತ್ತದೆ.

ಡಿಸ್ಕ್ ಕೊಳ್ಳುವಾಗ ವಲಯದ ಸಂಗತಿಯನ್ನು ಗಮನಿಸಬೇಕು: ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದಿರಬಹುದು. ಬ್ಲೂ-ರೇಗೆ ಭಾರತ ‘ಸಿ’ ವಲಯದಲ್ಲಿದೆ, ಅಮೆರಿಕ ‘ಎ’ ವಲಯದಲ್ಲಿದೆ; ಡಿವಿಡಿಯಲ್ಲಾದರೆ ಭಾರತದ ಸಂಖ್ಯೆ 5, ಅಮೆರಿಕದ್ದು 1. ಅಮೆರಿಕದಲ್ಲಿರುವ ಬಂಧುಗಳ ಕೈಯಲ್ಲಿ ತರಿಸುವವರಿಗೆ 4ಕೆ ಡಿಸ್ಕೇ ನಿಶ್ಚಿಂತೆಯ ಆಯ್ಕೆ, ಏಕೆಂದರೆ ಅದಕ್ಕೆ ಈ ವಲಯಗಳ ಕಟ್ಟುಪಾಡಿಲ್ಲ. ಪ್ರತ್ಯೇಕ ಪ್ಲೇಯರ್ ಇಲ್ಲದಿದ್ದರೆ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಸಾಕು. ಬೆಳಕು-ಕತ್ತಲೆಯ ವ್ಯಾಪ್ತಿಯನ್ನು ಹಿಗ್ಗಿಸುವ ಎಚ್‌ಡಿಆರ್ ತಂತ್ರಜ್ಞಾನದ ಎರಡು ರೂಪಗಳಲ್ಲಿ ಇವು ಡಿಸ್ಕಿನ ಡಾಲ್ಬಿ ವಿಷನ್ ಬದಲು ಎಚ್‌ಡಿಆರ್10 ರೂಪವನ್ನು ತೋರಿಸುತ್ತವೆ, ಈ ಚಿತ್ರದ ಮಟ್ಟಿಗೆ ಅದನ್ನು ದೊಡ್ಡ ನಷ್ಟವೆಂದು ನಾನು ಭಾವಿಸುವುದಿಲ್ಲ.

ಈಗ ಟಿವಿಯ ಮೆನುವಿಗೆ ಬರೋಣ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನೇ ಆರಿಸಿ, ಇಲ್ಲದಿದ್ದರೆ ‘ಸಿನಿಮಾ’ ಅಥವಾ ‘ಮೂವಿ’ ಎಂಬುದನ್ನು ಆರಿಸಿ. ನಂತರ ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯವನ್ನು ಪೂರ್ತಿಯಾಗಿ ನಿಲ್ಲಿಸಿ. ಎಲ್‌ಜಿಯಲ್ಲಿ ಅದಕ್ಕೆ ಟ್ರೂಮೋಷನ್ ಎಂದೂ ಸೋನಿಯಲ್ಲಿ ಮೋಷನ್‌ಫ್ಲೋ ಎಂದೂ ಹೆಸರು. ಸೆಕೆಂಡಿಗೆ 24 ಫ್ರೇಮುಗಳಲ್ಲಿ ಚಿತ್ರೀಕರಿಸಿದ ಸಿನಿಮಾಕ್ಕೆ ಟಿವಿ ತಾನೇ ಊಹಿಸಿ ನಡುನಡುವೆ ಹೊಸ ಫ್ರೇಮುಗಳನ್ನು ತುಂಬಿದಾಗ ಹೆಪ್‌ಬರ್ನ್‌ರ ನಡಿಗೆ ಸ್ಟುಡಿಯೋದಲ್ಲಿ ವಿಡಿಯೊ ಕ್ಯಾಮೆರಾದಿಂದ ತೆಗೆದ ಧಾರಾವಾಹಿಯ ನಡಿಗೆಯಂತಾಗುತ್ತದೆ. ಗ್ರೇನನ್ನು ಅಳಿಸುವ ನಾಯ್ಸ್ ರಿಡಕ್ಷನ್ ಮತ್ತು ಬೆಳಕು-ಕತ್ತಲೆಯನ್ನು ತಾನಾಗಿ ಬದಲಿಸುವ ಡೈನಾಮಿಕ್ ಕಾಂಟ್ರಾಸ್ಟ್ ಎರಡನ್ನೂ ತೆಗೆದುಹಾಕಿ, ಶಾರ್ಪ್‌ನೆಸ್ ಅನ್ನು ಅಂಚುಗಳ ಸುತ್ತ ಬಿಳಿ ಗೆರೆ ಕಾಣದಷ್ಟು ಇಳಿಸಿ. ಬಣ್ಣದ ತಾಪಮಾನವನ್ನು ‘ವಾರ್ಮ್’ಗೆ ಇಡುವುದು ಕಪ್ಪು-ಬಿಳುಪು ಚಿತ್ರಕ್ಕೆ ಬಹಳ ಮುಖ್ಯ, ಏಕೆಂದರೆ ‘ಕೂಲ್’ನಲ್ಲಿ ಬೂದು ಛಾಯೆಗಳೆಲ್ಲ ನೀಲಿಗೆ ತಿರುಗುತ್ತವೆ.

ಚಿತ್ರದ ಚೌಕಟ್ಟಿನ ಅನುಪಾತ 1.37:1, ಟಿವಿಯದು 1.78:1, ಆದ್ದರಿಂದ ಎಡಬಲದಲ್ಲಿ ಕಪ್ಪು ಪಟ್ಟಿಗಳು ಇರಲೇಬೇಕು. ಪರದೆ ತುಂಬಲೆಂದು ಝೂಮ್ ಮಾಡಿದರೆ ಚಿತ್ರದ ಎತ್ತರದಲ್ಲಿ ಸುಮಾರು ಶೇ 23ರಷ್ಟು ಕತ್ತರಿಸಿಹೋಗುತ್ತದೆ, ಎಳೆದು ಅಗಲಿಸಿದರೆ ಮುಖಗಳು ಊದಿಕೊಳ್ಳುತ್ತವೆ. ದಯವಿಟ್ಟು ಎರಡನ್ನೂ ಮಾಡಬೇಡಿ.

ಹೊಂದಿಸಿದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಚಿತ್ರವೇ ಸಾಕು. ಶೀರ್ಷಿಕೆಗಳ ನಂತರ ಬರುವ, ರಾಜಕುಮಾರಿಯ (ಹೆಪ್‌ಬರ್ನ್ ಪಾತ್ರ) ಯುರೋಪ್ ಪ್ರವಾಸದ ನ್ಯೂಸ್‌ರೀಲ್ (ಸುದ್ದಿಚಿತ್ರ) ಒರಟಾಗಿದೆ. ಅದನ್ನು ನೋಡಿ ಡಿಸ್ಕನ್ನು ಅಳೆಯಬೇಡಿ. ಶೀರ್ಷಿಕೆಗಳಲ್ಲಿ ಡಾಲ್ಟನ್ ಟ್ರಂಬೋ ಅವರ ಹೆಸರನ್ನು ಮಾತ್ರ ಅವಶ್ಯವಾಗಿ ಗಮನಿಸಿ: ಕಮ್ಯುನಿಸ್ಟ್ ನಂಟಿನ ಶಂಕೆಯ ಮೇಲೆ ಕೆಲಸ ನಿರಾಕರಿಸಲಾದವರ ಹಾಲಿವುಡ್‌ನ ಕಪ್ಪುಪಟ್ಟಿಯಲ್ಲಿದ್ದ ಕಾರಣ 1953ರಲ್ಲಿ ಅವರ ಕಥೆಗೆ ಇನ್ನೊಬ್ಬ ಲೇಖಕರ ಹೆಸರು ಹಾಕಲಾಗಿತ್ತು, ಮತ್ತು ಆ ಅನ್ಯಾಯವನ್ನು ತೆರೆಯ ಮೇಲೆಯೇ ಸರಿಪಡಿಸಿರುವುದು ಚಿತ್ರದ ಗೀರುಗಳನ್ನು ಅಳಿಸಿದ್ದಕ್ಕಿಂತ ಕಡಿಮೆಯ ಕೆಲಸವೇನಲ್ಲ. ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ರಾಜಕುಮಾರಿ ಐಸ್‌ಕ್ರೀಮ್ ತಿನ್ನುವ ದೃಶ್ಯದಲ್ಲಿ ಅವಳ ಬಿಳಿ ಅಂಗಿಯ ಮಡಿಕೆಗಳು ಬಿಸಿಲಿನಲ್ಲಿಯೂ ಕಾಣಬೇಕು. ಬರೀ ಬಿಳಿಯಾಗಿ ಕಂಡರೆ ಕಾಂಟ್ರಾಸ್ಟ್ ಹೆಚ್ಚಾಗಿದೆ ಎಂದರ್ಥ. ರಾತ್ರಿ ಟೈಬರ್ ನದಿಯ ದೋಣಿಯ ಮೇಲೆ ನಡೆಯುವ ನೃತ್ಯ ಮತ್ತು ಹೊಡೆದಾಟದಲ್ಲಿ, ರಾಜಕುಮಾರಿಯನ್ನು ಹುಡುಕಿ ಬಂದ ಗುಪ್ತಚರರ ಕಪ್ಪು ಸೂಟುಗಳು ಹಿಂದಿನ ಕತ್ತಲೆಯಿಂದ ಬೇರೆಯಾಗಿ ತೋರಬೇಕು. ತೋರದಿದ್ದರೆ ಬ್ರೈಟ್‌ನೆಸ್ ಅಥವಾ ಬ್ಲ್ಯಾಕ್ ಲೆವೆಲ್ ಅನ್ನು ಒಂದೊಂದೇ ಹೆಜ್ಜೆ ಏರಿಸಿ, ಕತ್ತಲೆ ಬೂದಾಗುವ ಮೊದಲೇ ನಿಲ್ಲಿಸಿ. ಈ ಪರೀಕ್ಷೆಯನ್ನು ಕೋಣೆಯ ದೀಪ ತಗ್ಗಿಸಿ, ನೀವು ಸಿನಿಮಾ ನೋಡುವ ಹೊತ್ತಿನಲ್ಲೇ ಮಾಡಬೇಕು.

ಚಿತ್ರದ ಮೂಲ ಧ್ವನಿ ಮೋನೊ, ಅಂದರೆ ಒಂದೇ ವಾಹಿನಿಯದು. ಸೌಂಡ್‌ಬಾರಿನ ಕೃತಕ ಸರೌಂಡ್ ನಿಲ್ಲಿಸಿ ‘ಸ್ಟ್ಯಾಂಡರ್ಡ್’ ಅಥವಾ ‘ಸ್ಟೀರಿಯೊ’ಗೆ ಇಟ್ಟರೆ ಮಾತು ಪರದೆಯ ಮಧ್ಯದಿಂದಲೇ ಸ್ಪಷ್ಟವಾಗಿ ಕೇಳುತ್ತದೆ.

ಕೊನೆಯದಾಗಿ, ಅನೇಕ ಟಿವಿಗಳು ಸಾಮಾನ್ಯ ಚಿತ್ರ, ಎಚ್‌ಡಿಆರ್ ಮತ್ತು ಡಾಲ್ಬಿ ವಿಷನ್ ಮೂರಕ್ಕೂ ಬೇರೆ ಬೇರೆ ಹೊಂದಿಕೆಗಳನ್ನು ಇಟ್ಟುಕೊಳ್ಳುತ್ತವೆ. ಆದ್ದರಿಂದ ಡಿಸ್ಕ್ ಓಡಲು ಆರಂಭಿಸಿದ ಮೇಲೆಯೇ ಮೆನು ತೆರೆದು ಮೇಲಿನದನ್ನೆಲ್ಲ ಹೊಂದಿಸಬೇಕು, ಮತ್ತು ಬ್ಲೂ-ರೇಯಿಂದ 4ಕೆ ಡಿಸ್ಕಿಗೆ ಬದಲಾಯಿಸಿದಾಗ ಇನ್ನೊಮ್ಮೆ ನೋಡಿಕೊಳ್ಳಬೇಕು.