ಉದ್ದ ಬೆಡ್ಡಿನ ಸಿ10 ಗಿಡ್ಡ ಮಾಡುವುದು: ನಡುವೆ 14 ಇಂಚು, ಹಿಂದೆ 6 ಇಂಚು

1973ರಿಂದ 1987ರವರೆಗಿನ ಶೆವ್ರೊಲೆ ಸಿ10, ಅಂದರೆ ಅಮೆರಿಕದಲ್ಲಿ ಈಗ ಎಲ್ಲರೂ ಸ್ಕ್ವೇರ್‌ಬಾಡಿ ಎನ್ನುವ ಪಿಕಪ್, ಹುಡುಕಲು ಹೊರಟರೆ ಎಂಟಡಿ ಬೆಡ್ಡಿನದು (ಬೆಡ್ಡು ಎಂದರೆ ಕ್ಯಾಬ್‌ನ ಹಿಂದಿನ ಸರಕು ತೊಟ್ಟಿ) ಸುಲಭವಾಗಿ ಸಿಗುತ್ತದೆ, ಆರೂವರೆ ಅಡಿಯದಕ್ಕೆ ಹೆಚ್ಚು ದುಡ್ಡು ಸುರಿಯಬೇಕಾಗುತ್ತದೆ. ಆಗ ಹೊಲದ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಗಾಡಿ ಕೊಂಡವರು ಉದ್ದದ್ದನ್ನೇ ಕೇಳುತ್ತಿದ್ದರು. ಈಗ ಕೊಳ್ಳುವವರಿಗೆ ಅಂದ ಮುಖ್ಯ. ಹಾಗಾಗಿ ಉದ್ದದ ಗಾಡಿ ತಂದು ಚಾಸಿ ಕತ್ತರಿಸುವ ಕೆಲಸಕ್ಕೆ ಗಿರಾಕಿ ತಪ್ಪಿಲ್ಲ. ಎರಡು ಚಕ್ರದ ಎಳೆತವಿರುವ ಸಿ10ಗೆ ನಾನು ಅನುಸರಿಸುವ ಕ್ರಮ ಇದು. ನಾಲ್ಕು ಚಕ್ರ ಎಳೆತದ ಕೆ10ನ ಲೆಕ್ಕ ಬೇರೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಮೊದಲು ಅಳತೆ. ಗಿಡ್ಡದರ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ಮಧ್ಯದಿಂದ ಹಿಂದಿನದರ ಮಧ್ಯಕ್ಕೆ ಇರುವ ದೂರ, 117.5 ಇಂಚು, ಉದ್ದದರದು 131.5. ಬೆಡ್ಡು ಹೆಸರಿಗೆ ಆರೂವರೆ ಮತ್ತು ಎಂಟು ಅಡಿ. ಟೇಪ್ ಹಿಡಿದರೆ ಒಳಗಿನ ಉದ್ದ ಸುಮಾರು 78 ಮತ್ತು 98 ಇಂಚು. ಬೆಡ್ಡಿನ ವ್ಯತ್ಯಾಸ 20, ವೀಲ್‌ಬೇಸಿನ ವ್ಯತ್ಯಾಸ 14. ಉಳಿದ 6 ಇಂಚು ಹಿಂದಿನ ಆಕ್ಸಲ್ಲಿನ ಆಚೆಗಿದೆ. ಹೊಸಬರು ಎಡವುವುದು ಇಲ್ಲೇ: ಇಪ್ಪತ್ತನ್ನೂ ನಡುವಿನಿಂದಲೇ ತೆಗೆದರೆ ಚಕ್ರ ಬೆಡ್ಡಿನ ಕಮಾನಿನ ಮಧ್ಯಕ್ಕೆ ಬರುವುದಿಲ್ಲ, ಆರು ಇಂಚು ಮುಂದೆ ಹೋಗಿ ನಿಲ್ಲುತ್ತದೆ. 1967ರಿಂದ 72ರ ಸಿ10 ಆದರೆ 115 ಮತ್ತು 127, ಅಲ್ಲಿ ನಡುವೆ 12, ಹಿಂದೆ 8. ಫೋರ್ಡ್ ಎಫ್-100ರಲ್ಲಿ 1973-79ರ ಗಾಡಿಗೆ 117 ಮತ್ತು 133. ಒಂದು ಕಂಪನಿಯ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ, ಒಂದೇ ಕಂಪನಿಯ ಎರಡು ತಲೆಮಾರಿಗೂ ಹೊಂದುವುದಿಲ್ಲ.

ಕತ್ತರಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗಾಡಿಯಲ್ಲಿ ಪ್ಲೈವುಡ್ ತರುವುದಿದೆಯೇ? ನಾಲ್ಕಡಿ-ಎಂಟಡಿ ಹಾಳೆ ಉದ್ದ ಬೆಡ್ಡಿನಲ್ಲಿ ಮಲಗಿಸಿ ಟೈಲ್‌ಗೇಟ್ ಮುಚ್ಚಬಹುದು. ಗಿಡ್ಡದರಲ್ಲಿ ಟೈಲ್‌ಗೇಟ್ ಇಳಿಸಿ ಅದರ ಮೇಲೂ ಹಾಳೆ ಚಾಚಿ ಹಗ್ಗ ಬಿಗಿಯಬೇಕು. ಟ್ರೈಲರ್ ಎಳೆಯುವವರಿಗೂ ಉದ್ದದ್ದೇ ವಾಸಿ; ವೀಲ್‌ಬೇಸ್ ಹೆಚ್ಚಿದ್ದಷ್ಟೂ ಟ್ರೈಲರಿನ ತೊನೆತ ಕಡಿಮೆ, ಹೈವೇಯಲ್ಲಿ ಕುಲುಕಾಟವೂ ಕಡಿಮೆ. ಗಿಡ್ಡದರ ಲಾಭ ತಿರುಗಿಸುವುದರಲ್ಲಿ, ಪಾರ್ಕ್ ಮಾಡುವುದರಲ್ಲಿ, ನೋಟದಲ್ಲಿ. ದುಡಿಯುವ ಗಾಡಿಯನ್ನು ಕತ್ತರಿಸಬೇಡಿ ಎಂದೇ ಕೇಳಿದವರಿಗೆಲ್ಲ ಹೇಳುತ್ತೇನೆ.

ತುಕ್ಕು ಹಿಡಿದ ಚಾಸಿಗೂ ಈ ಕೆಲಸ ಬೇಡ. ಕ್ಯಾಬ್‌ನ ಹಿಂದಿನ ಭಾಗ, ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್ ಸುತ್ತ, ರೇಲಿನ (ಚಾಸಿಯ ಎಡ-ಬಲದ ಉದ್ದನೆಯ ತೊಲೆಯ) ಕೆಳ ಅಂಚು, ಈ ಮೂರು ಕಡೆ ಚೂಪು ಸುತ್ತಿಗೆಯಿಂದ ಬಡಿದು ನೋಡಿ. ಟಣ್ ಎನ್ನದೆ ಡಬ್ ಎಂದರೆ ಅಥವಾ ಪದರ ಉದುರಿದರೆ ಗಿಡ್ಡ ಗಾಡಿಯ ಚಾಸಿಯನ್ನೇ ತಂದು ಬಾಡಿ ಕೂರಿಸುವುದು ಅಗ್ಗವಾಗುತ್ತದೆ.

ಬೆಡ್ಡಿನ ವಿಚಾರ ಮೊದಲೇ ತೀರ್ಮಾನವಾಗಲಿ. ಉದ್ದ ಬೆಡ್ಡನ್ನೇ ಕತ್ತರಿಸಿ ಬೆಸೆಯಬಹುದು ಎನ್ನುವವರಿದ್ದಾರೆ. ಬೆಡ್ಡಿನ ಪಕ್ಕದ ತಗಡು ತೆಳ್ಳಗೆ, ಅಷ್ಟುದ್ದ ಬೆಸುಗೆ ಹಾಕಿದರೆ ಅಲೆಅಲೆಯಾಗುತ್ತದೆ. ಅದನ್ನು ಪುಟ್ಟಿ ತುಂಬಿ ಮುಚ್ಚಿದರೆ ವರ್ಷದೊಳಗೆ ಗೆರೆ ಎದ್ದು ಕಾಣುತ್ತದೆ. ಬೆಡ್ಡಿನ ನೆಲದ ತಗಡು, ಅಡ್ಡಪಟ್ಟಿಗಳ ಕೆಲಸವೂ ಇದರ ಜೊತೆಗೆ ಬೀಳುತ್ತದೆ. ಗಿಡ್ಡ ಫ್ಲೀಟ್‌ಸೈಡ್ (ಪಕ್ಕ ನುಣುಪಾಗಿರುವ) ಬೆಡ್ಡು ಹಳೆಯದು ಸಿಗುತ್ತದೆ, ಹೊಸದಾಗಿ ಒತ್ತಿದ ಪಕ್ಕದ ತಗಡುಗಳೂ ಸಿಗುತ್ತವೆ. ಬೆಡ್ಡು ಅಂಗಳಕ್ಕೆ ಬಂದ ಮೇಲಷ್ಟೇ ಗ್ರೈಂಡರ್ ಕೈಗೆತ್ತಿಕೊಳ್ಳಿ. ಕತ್ತರಿಸಿದ ಚಾಸಿ ಬೆಡ್ಡಿಗೆ ಕಾಯುತ್ತ ಕೂರುವುದು ಬೇಡ.

ಬೆಡ್ಡಿನ ಬೋಲ್ಟ್ ಬಿಚ್ಚಿ, ನಾಲ್ಕು ಜನ ಹಿಡಿದು ಇಳಿಸಿ. ಬ್ಯಾಟರಿಯ ಎರಡೂ ತುದಿ ಕಳಚಿ, ಆಲ್ಟರ್ನೇಟರ್ ಪ್ಲಗ್ ತೆಗೆಯಿರಿ. ಪೆಟ್ರೋಲ್ ಟ್ಯಾಂಕ್ ಪೂರ್ತಿ ಬಿಚ್ಚಿ ಕಟ್ಟಡದಿಂದ ಹೊರಗಿಡಿ, ಬರಿದು ಮಾಡಿದರೆ ಸಾಕು ಎಂದುಕೊಳ್ಳಬೇಡಿ. ಈ ತಲೆಮಾರಿನಲ್ಲಿ ಟ್ಯಾಂಕ್ ಇರುವುದು ರೇಲಿನ ಹೊರಮೈಗೆ, ನಾವು ಕತ್ತರಿಸುವ ಜಾಗದ ಪಕ್ಕದಲ್ಲೇ. ಎಡ ರೇಲಿನ ಗುಂಟ ಹೋಗುವ ವೈರಿಂಗ್, ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲವನ್ನೂ ಕಳಚಿ. ಪ್ರೊಪೆಲ್ಲರ್ ಶಾಫ್ಟ್, ಅದರ ನಡುವಿನ ಬೇರಿಂಗ್ ಹೊರಗೆ.

ಗಾಡಿ ಮಟ್ಟವಾದ ಕಾಂಕ್ರೀಟ್ ನೆಲದ ಮೇಲಿರಬೇಕು. ಮುಂಭಾಗ ನಾಲ್ಕು ಸ್ಟ್ಯಾಂಡಿನ ಮೇಲೆ, ರಸಮಟ್ಟ ಇಟ್ಟು ಎಡ-ಬಲ ಸಮ ಮಾಡಿ. ಹಿಂಭಾಗಕ್ಕೆ ಅದರದೇ ಚಕ್ರ ಸಾಕು, ಕತ್ತರಿಸಿದ ಮೇಲೆ ಅದನ್ನೇ ಉರುಳಿಸಿಕೊಂಡು ಮುಂದೆ ತರಬಹುದು. ಆದರೆ ಕತ್ತರಿಸಿದ ಕ್ಷಣ ಹಿಂಭಾಗ ಆಕ್ಸಲ್ಲಿನ ಮೇಲೆ ಏತದಂತೆ ಮಗುಚಲು ನೋಡುತ್ತದೆ. ಕತ್ತರಿಸುವ ಜಾಗದ ಹತ್ತಿರ ಎರಡೂ ರೇಲಿನಡಿ ಗಾಲಿಯಿರುವ ಜಾಕ್ ಕೊಟ್ಟೇ ಮುಂದುವರಿಯಿರಿ.

ಈಗ ಇಡೀ ಕೆಲಸದ ಜೀವಾಳ. ಎರಡೂ ರೇಲಿನ ಮೇಲ್ಮುಖಕ್ಕೆ ಸೆಂಟರ್ ಪಂಚ್‌ನಿಂದ ಎರಡೆರಡು ಚುಕ್ಕಿ ಹೊಡೆಯಿರಿ: ಒಂದು ಕತ್ತರಿಸುವ ಜಾಗದ ಮುಂದೆ, ಒಂದು ಹಿಂದೆ, ನಡುವೆ ಸರಿಯಾಗಿ 40 ಇಂಚು. ಬೆಸೆದ ಮೇಲೆ ಅದು 26 ಆಗಬೇಕು. ಗ್ರೈಂಡರ್ ಬಿಲ್ಲೆ ಎಷ್ಟು ತಿಂದಿತು, ಬೆಸುಗೆಗೆ ಎಷ್ಟು ಸಂದು ಬಿಟ್ಟೆವು ಎಂಬ ಲೆಕ್ಕವೇ ಬೇಡ. ಚುಕ್ಕಿಯಿಂದ ಚುಕ್ಕಿಗೆ 26 ಬಂದರೆ ಮುಗಿಯಿತು. ಕತ್ತರಿಸುವ ಮುಂಚೆಯೇ ಎಡ ಮುಂದಿನ ಚುಕ್ಕಿಯಿಂದ ಬಲ ಹಿಂದಿನದಕ್ಕೆ, ಬಲ ಮುಂದಿನದರಿಂದ ಎಡ ಹಿಂದಿನದಕ್ಕೆ ಅಡ್ಡ ಅಳತೆ ತೆಗೆದು ಬರೆದಿಡಿ. ಎರಡೂ ಸಮ ಇರದಿದ್ದರೆ ಒಂದೋ ಚುಕ್ಕಿ ತಪ್ಪಿದೆ, ಇಲ್ಲವೇ ಚಾಸಿ ಹಿಂದೆ ಯಾವಾಗಲೋ ಪೆಟ್ಟು ತಿಂದಿದೆ. ಎರಡನೆಯದಾದರೆ ಮೊದಲು ಚಾಸಿ ನೇರ ಮಾಡಿಸಿ.

ಕತ್ತರಿಸುವ ಜಾಗ ಕ್ಯಾಬ್‌ನ ಹಿಂದಿನ ಮೌಂಟ್ ಮತ್ತು ಸ್ಪ್ರಿಂಗಿನ ಮುಂದಿನ ಹ್ಯಾಂಗರ್ ನಡುವೆ, ರೇಲು ನೇರವಿರುವ ಕಡೆ. ಹ್ಯಾಂಗರಿನ ರಿವೆಟ್‌ಗಳಿಂದ ಆದಷ್ಟು ದೂರವಿರಿ. ನೇರ ಅಡ್ಡಕ್ಕೆ ಕತ್ತರಿಸಬೇಡಿ. ರೇಲಿನ ಮೇಲಂಚು, ಕೆಳಂಚು, ಅವೆರಡರ ನಡುವೆ ನಿಂತ ನಡುಗೋಡೆ ಮೂರರ ಬೆಸುಗೆಯೂ ಒಂದೇ ಗೆರೆಯಲ್ಲಿ ಬಿದ್ದರೆ ಬಿರುಕು ಬಿಡಲು ದಾರಿ ಮಾಡಿಕೊಟ್ಟಂತೆ. ಮೆಟ್ಟಿಲು ಆಕಾರ ಬೇಕು: ಮೇಲಿಂದ ನಡುಗೋಡೆಯ ಅರ್ಧದವರೆಗೆ ಕೆಳಕ್ಕೆ, ಅಲ್ಲಿಂದ 6 ಇಂಚು ಮುಂದಕ್ಕೆ, ಮತ್ತೆ ಕೆಳಕ್ಕೆ. ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಕೊಂಡು ಮೊದಲ ಗೆರೆ ಹಾಕಿ, ಅದೇ ಅಚ್ಚನ್ನು 14 ಇಂಚು ಹಿಂದೆ ಸರಿಸಿ ಎರಡನೆಯದು ಹಾಕಿ. ಎರಡೂ ರೇಲಿಗೆ ಅದೇ ಅಚ್ಚು. ತೆಳು ಬಿಲ್ಲೆ ಬಳಸಿ, ಕತ್ತರಿಸುವುದು ಯಾವಾಗಲೂ ಗೆರೆಯ ಬಿಸಾಡುವ ಬದಿಗೆ. ಮೆಟ್ಟಿಲಿನ ಒಳಮೂಲೆಯಲ್ಲಿ ಮೊದಲೇ ಚಿಕ್ಕ ತೂತು ಕೊರೆದುಕೊಂಡರೆ ಬಿಲ್ಲೆ ಮೂಲೆ ದಾಟಿ ಗೀರು ಹಾಕುವುದಿಲ್ಲ.

ತುಂಡು ಹೊರಬಂದ ಮೇಲೆ ಹಿಂಭಾಗ ಉರುಳಿಸಿ ಕೂಡಿಸಿ. ಪ್ರತಿ ರೇಲಿಗೂ ನೇರವಾದ ಕಬ್ಬಿಣದ ಚೌಕ ಕೊಳವೆಯೊಂದನ್ನು ಸಂದಿಯ ಎರಡೂ ಕಡೆಗೆ ದಾಟುವಂತೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಅಂಚುಗಳನ್ನು 30 ಡಿಗ್ರಿಯಷ್ಟು ಓರೆ ಉಜ್ಜಿ, ಬುಡದಲ್ಲಿ 1/16 ಇಂಚು ಸಂದು ಬಿಡಿ. ನಾಲ್ಕು ಕಡೆ ಟ್ಯಾಕ್ (ತಾತ್ಕಾಲಿಕ ಚುಕ್ಕಿ ಬೆಸುಗೆ) ಹಾಕಿ ಅಳೆಯಿರಿ: ಎರಡೂ ಕಡೆ 26, ಅಡ್ಡ ಅಳತೆಗಳ ನಡುವೆ 1/16 ಇಂಚಿಗಿಂತ ಹೆಚ್ಚು ವ್ಯತ್ಯಾಸ ಬೇಡ, ಎರಡೂ ರೇಲಿನ ಮೇಲೆ ರಸಮಟ್ಟ ಒಂದೇ ತೋರಿಸಬೇಕು. ಮುಂದಿನ ಮತ್ತು ಹಿಂದಿನ ಚಕ್ರದ ನಡುಬಿಂದುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ. ಎಡಕ್ಕೂ ಬಲಕ್ಕೂ 117.5 ಬರಲಿ. ಬರದಿದ್ದರೆ ಟ್ಯಾಕ್ ಉಜ್ಜಿ ಮತ್ತೆ ಕೂಡಿಸಿ. ಈ ಹಂತದಲ್ಲಿ ಒಂದು ಮಧ್ಯಾಹ್ನ ಹೋದರೂ ಪರವಾಗಿಲ್ಲ.

ಬೆಸುಗೆಗೆ 220 ವೋಲ್ಟಿನ ಮಿಗ್ ಯಂತ್ರ, 0.035 ಇಂಚಿನ ಇಆರ್70ಎಸ್-6 ತಂತಿ, ಆರ್ಗಾನ್ 75 ಮತ್ತು ಕಾರ್ಬನ್ ಡೈಆಕ್ಸೈಡ್ 25ರ ಅನಿಲ. ಅಮೆರಿಕದ ಮನೆಬಳಕೆಯ 110 ವೋಲ್ಟಿನ ಯಂತ್ರದಲ್ಲಿ ಬೆಸುಗೆ ಮೇಲೆ ಚೆಂದ ಕಾಣುತ್ತದೆ, ಬುಡಕ್ಕೆ ಇಳಿಯುವುದಿಲ್ಲ. ಒಂದೇ ಉಸಿರಿಗೆ ಹಾಕಬೇಡಿ: ಎಡ ರೇಲಿನಲ್ಲಿ ಎರಡು ಇಂಚು, ಬಲ ರೇಲಿನಲ್ಲಿ ಎರಡು ಇಂಚು, ಮತ್ತೆ ಎಡಕ್ಕೆ. ಒಂದೇ ಕಡೆ ಕಾದರೆ ರೇಲು ಆ ಕಡೆಗೆ ಸೆಳೆಯುತ್ತದೆ. ಮೇಲಂಚು, ಕೆಳಂಚಿನ ತುದಿಯಲ್ಲಿ ಬೆಸುಗೆ ನಿಲ್ಲುವ ಕಡೆ ಚಿಕ್ಕ ಗುಳಿ ಉಳಿಯುತ್ತದೆ. ಅದನ್ನು ತುಂಬಿ, ಉದ್ದುದ್ದಕ್ಕೆ ಉಜ್ಜಿ ನುಣುಪು ಮಾಡಿ. ಬಿರುಕು ಹುಟ್ಟುವುದು ಬಹುತೇಕ ಆ ಗುಳಿಯಲ್ಲೇ.

ರೇಲಿನ ನಡುಗೋಡೆಯ ಒಳಮೈಗೆ ಬಲಪಟ್ಟಿ ಬೇಕು. 3/16 ಇಂಚು ದಪ್ಪದ ಪ್ಲೇಟು, ಮೆಟ್ಟಿಲಿನ ಎರಡೂ ತುದಿ ದಾಟಿ ಐದಾರು ಇಂಚು ಚಾಚುವಷ್ಟು ಉದ್ದ, ರೇಲಿನ ಒಳಗಿನ ಬಾಗಿದ ಮೂಲೆಗೆ ತಾಗದಷ್ಟು ಎತ್ತರ. ತುದಿಗಳನ್ನು ಓರೆಯಾಗಿ ಚೂಪು ಮಾಡಿ. ಉದ್ದದ ಅಂಚುಗಳಿಗೆ ಬಿಟ್ಟು ಬಿಟ್ಟು ಬೆಸುಗೆ, ಜೊತೆಗೆ ತೂತು ತುಂಬುವ ಬೆಸುಗೆ ಅಥವಾ ಗ್ರೇಡ್ 8 ಬೋಲ್ಟ್. ಪ್ಲೇಟಿನ ತುದಿಗೆ ಮೇಲಿಂದ ಕೆಳಕ್ಕೆ ಬೆಸುಗೆ ಎಳೆಯಲೇಬೇಡಿ. ರೇಲು ಬಾಗುವಾಗ ಗಟ್ಟಿ ಭಾಗ ಮುಗಿದು ಮೆತ್ತನೆ ಭಾಗ ಶುರುವಾಗುವ ಗೆರೆ ಅದು, ಅಲ್ಲೇ ಸೀಳುತ್ತದೆ. ‘ಗಟ್ಟಿಯಾಗಲಿ’ ಎಂದು ಸುತ್ತಲೂ ಬೆಸೆದು ಹಾಳು ಮಾಡಿದ ಚಾಸಿಗಳನ್ನು ಬೇಕಾದಷ್ಟು ನೋಡಬಹುದು.

ಹಿಂದಿನ 6 ಇಂಚು ಇದರ ಮುಂದೆ ಏನೂ ಅಲ್ಲ. ಕೊನೆಯ ಅಡ್ಡಪಟ್ಟಿಯ ರಿವೆಟ್ ತಲೆಗಳನ್ನು ಕೂಡುವ ಗುರುತಿನಂತೆ (+) ಸೀಳಿ, ಉಳಿಯಿಂದ ಹಾರಿಸಿ, ನಡುವೆ ಕೊರೆದು ಹೊಡೆದು ಹಾಕಿ. ಪಟ್ಟಿಯನ್ನು 6 ಇಂಚು ಮುಂದೆ ತಂದು ಹೊಸ ತೂತಿಗೆ ಬಿಗಿಯಾಗಿ ಕೂರುವ ಗ್ರೇಡ್ 8 ಬೋಲ್ಟ್ ಹಾಕಿ, ಆಮೇಲೆ ರೇಲಿನ ತುದಿ ಕತ್ತರಿಸಿ. ಬಂಪರ್ ಬ್ರಾಕೆಟ್ಟಿನ ತೂತುಗಳೂ ಅಷ್ಟೇ ಮುಂದಕ್ಕೆ. ಬೆಡ್ಡಿನ ತೂತುಗಳನ್ನು ಮಾತ್ರ ಅಳತೆ ನಂಬಿ ಕೊರೆಯಬೇಡಿ. ಬೆಡ್ಡು ಮೇಲಿಟ್ಟು, ಕ್ಯಾಬ್‌ನಿಂದ ಸುಮಾರು ಒಂದು ಇಂಚು ಸಂದು ಬಿಟ್ಟು, ಚಕ್ರ ಕಮಾನಿನ ಮಧ್ಯಕ್ಕೆ ಬಂದಿದೆಯೇ ನೋಡಿ ಗುರುತು ಹಾಕಿ.

ಟ್ಯಾಂಕಿನ ಕಥೆ ಇನ್ನೊಂದು. ಉದ್ದ ಗಾಡಿಯ ಪಕ್ಕದ ಟ್ಯಾಂಕ್ 20 ಗ್ಯಾಲನ್, ಗಿಡ್ಡದರದು 16. ಹಳೆಯದು ಈಗಿನ ಜಾಗಕ್ಕೆ ಕೂರುವುದಿಲ್ಲ, ಅದರ ಬ್ರಾಕೆಟ್ಟಿನ ಜಾಗವೂ ಹೋಗಿದೆ. 16ರದನ್ನು ಬ್ರಾಕೆಟ್ ಸಮೇತ ತರಬಹುದು. ನನ್ನ ಆಯ್ಕೆ ಅದೇ ಕಾಲದ ಶೆವ್ರೊಲೆ ಎಸ್‌ಯುವಿ ಬ್ಲೇಜರಿನ ಟ್ಯಾಂಕ್, ಹಿಂದೆ ಎರಡು ರೇಲಿನ ನಡುವೆ. ರೇಲಿನ ಹೊರಗೆ, ಪಕ್ಕದಿಂದ ಗುದ್ದಿದರೆ ನೇರ ಪೆಟ್ಟು ತಿನ್ನುವ ಜಾಗದಲ್ಲಿದ್ದ ಟ್ಯಾಂಕುಗಳ ಬಗ್ಗೆ ಅಮೆರಿಕದಲ್ಲಿ ಎಷ್ಟು ಮೊಕದ್ದಮೆ ನಡೆದವು ಎಂಬುದು ಗೊತ್ತಿದ್ದವರು ಹಳೆಯ ಜಾಗಕ್ಕೆ ಹೋಗುವುದಿಲ್ಲ. ಇದರಿಂದ ಸ್ಟೆಪ್ನಿಯ ಜಾಗ ಹೋಗುತ್ತದೆ, ಪೆಟ್ರೋಲ್ ತುಂಬುವ ಕೊಳವೆಗೆ ಹೊಸ ದಾರಿ ಮಾಡಬೇಕಾಗುತ್ತದೆ. ಟ್ಯಾಂಕಿನೊಳಗಿನ ಮಟ್ಟ ತಿಳಿಸುವ ಸೆಂಡರಿನ ಅರ್ಥ್ ವೈರು ರೇಲಿಗೆ ಸರಿಯಾಗಿ ಕೂರದಿದ್ದರೆ ಮೀಟರ್ ಸದಾ ಫುಲ್ ತೋರಿಸುತ್ತದೆ.

ಪ್ರೊಪೆಲ್ಲರ್ ಶಾಫ್ಟ್ ಉದ್ದ ಗಾಡಿಯಲ್ಲಿ ಎರಡು ತುಂಡು, ನಡುವೆ ಬೇರಿಂಗ್. ಈಗ ಒಂದೇ ತುಂಡು ಸಾಕು. ಅಳತೆ ತೆಗೆಯಬೇಕಾದ್ದು ಕೊನೆಗೆ: ಬೆಡ್ಡು ಕೂತು, ಗಾಡಿ ಚಕ್ರದ ಮೇಲೆ ಪೂರ್ತಿ ಭಾರ ಹೊತ್ತು ನಿಂತಾಗ. ಸ್ಲಿಪ್ ಯೋಕ್ ಅನ್ನು (ಗೇರ್‌ಬಾಕ್ಸಿನೊಳಗೆ ಹಿಂದೆ ಮುಂದೆ ಜಾರುವ ಶಾಫ್ಟಿನ ತುದಿ) ಗೇರ್‌ಬಾಕ್ಸಿಗೆ ಪೂರ್ತಿ ತಳ್ಳಿ, ಮುಕ್ಕಾಲರಿಂದ ಒಂದು ಇಂಚು ಹಿಂದಕ್ಕೆಳೆದು, ಅದರ ಯು-ಜಾಯಿಂಟಿನ ಮಧ್ಯದಿಂದ ಹಿಂದಿನ ಆಕ್ಸಲ್ಲಿನ ಪಿನಿಯನ್ ಯೋಕಿನ ಮಧ್ಯಕ್ಕೆ ಅಳೆಯಿರಿ. ಗಾಡಿ ಸ್ಟ್ಯಾಂಡಿನ ಮೇಲಿದ್ದು ಆಕ್ಸಲ್ ಜೋತಾಡುತ್ತಿರುವಾಗ ಅಳೆದರೆ ಶಾಫ್ಟ್ ತಪ್ಪು ಉದ್ದಕ್ಕೆ ಬರುತ್ತದೆ. ಬ್ಯಾಲೆನ್ಸ್ ಮಾಡುವ ಯಂತ್ರವಿರುವ ಅಂಗಡಿಯಲ್ಲೇ ಮಾಡಿಸಿ.

ಬ್ರೇಕ್ ಪೈಪನ್ನು ನಿಕಲ್-ತಾಮ್ರದಲ್ಲಿ ಹೊಸದಾಗಿ ಎಳೆದು, ತುದಿಗೆ ಡಬಲ್ ಫ್ಲೇರ್ ಮಾಡಿ, ಅಂದರೆ ಪೈಪಿನ ತುದಿಯನ್ನು ಎರಡು ಪದರವಾಗಿ ಅರಳಿಸಿ. ಕಂಪ್ರೆಷನ್ ಫಿಟ್ಟಿಂಗ್ ಬ್ರೇಕಿಗೆ ಸಲ್ಲದು. ಹ್ಯಾಂಡ್‌ಬ್ರೇಕಿನ ನಡುಕೇಬಲ್ ಗಿಡ್ಡ ಗಾಡಿಯದೇ ತನ್ನಿ. ವೈರಿಂಗ್ ಕತ್ತರಿಸಬೇಡಿ, ಹೆಚ್ಚಿದ್ದನ್ನು ರೇಲಿನೊಳಗೆ ಮಡಚಿ ಕಟ್ಟಿದರೆ ಸಾಕು.

ಓಡಿಸಿ ನೋಡುವಾಗ ಟೈರು ಒದ್ದೆ ಮಾಡಿ ಒಣ ಕಾಂಕ್ರೀಟಿನ ಮೇಲೆ ನೇರವಾಗಿ ಇಪ್ಪತ್ತು ಅಡಿ ಉರುಳಿಸಿ. ಮುಂದಿನ ಮತ್ತು ಹಿಂದಿನ ಟೈರಿನ ಗುರುತಿನ ನಡುವಿನ ಅಂತರ ಎಡಕ್ಕೂ ಬಲಕ್ಕೂ ಒಂದೇ ಇದ್ದರೆ ಚಾಸಿ ಸರಿಯಿದೆ. ಒಂದು ಕಡೆ ಹೆಚ್ಚಿದ್ದರೆ ಗಾಡಿ ಓರೆಯಾಗಿ ಓಡುತ್ತಿದೆ. ವೀಲ್ ಅಲೈನ್‌ಮೆಂಟ್ ಅದನ್ನು ಮುಚ್ಚುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಕೆಲವು ನೂರು ಮೈಲಿ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ, ಬೆಸುಗೆಯ ತುದಿಗಳನ್ನು ಟಾರ್ಚ್ ಹಿಡಿದು ನೋಡಿ. ದಪ್ಪ ಬಣ್ಣ ಬಳಿಯುವುದು ಅದಾದ ಮೇಲೆ. ಅಲ್ಲಿಯವರೆಗೆ ತೆಳು ಪ್ರೈಮರ್ ಇರಲಿ, ಕೂದಲೆಳೆ ಬಿರುಕಾದರೂ ಕಾಣುತ್ತದೆ.

ಕೊಳ್ಳುವವರಿಗೆ ಒಂದು ಮಾತು. ‘ಕಂಪನಿಯಿಂದಲೇ ಗಿಡ್ಡ’ ಎಂದು ಮಾರುವ ಗಾಡಿಯ ಗ್ಲೋವ್‌ಬಾಕ್ಸ್ ತೆಗೆದು ಒಳಗೆ ಅಂಟಿಸಿದ ಬಿಡಿಭಾಗಗಳ ಚೀಟಿ ಓದಿ. ಮಾದರಿ ಸಂಖ್ಯೆಯಲ್ಲಿ 10703 ಇದ್ದರೆ ಗಿಡ್ಡ, 10903 ಇದ್ದರೆ ಉದ್ದ ಗಾಡಿಯಾಗಿ ಹುಟ್ಟಿದ್ದು. ಚೀಟಿ ಹರಿದಿದ್ದರೆ ಕ್ಯಾಬ್‌ನ ಹಿಂದೆ ಕೆಳಗೆ ಮಲಗಿ ರೇಲಿನ ಒಳಗೋಡೆ ಸವರಿ ನೋಡಿ: ಬಲಪಟ್ಟಿ ಕೈಗೆ ಸಿಗುತ್ತದೆ. ಚೆನ್ನಾಗಿ ಕತ್ತರಿಸಿದ ಗಾಡಿಯಾದರೆ ಕೊಳ್ಳಲು ಅಡ್ಡಿಯಿಲ್ಲ, ಬೆಲೆ ಮಾತ್ರ ಕತ್ತರಿಸಿದ ಗಾಡಿಯದೇ ಇರಲಿ.