ಸೆಕೆಂಡ್‌ಹ್ಯಾಂಡ್ ಜೆಟ್ ಕೊಳ್ಳುವಿರಾ? ಮೊದಲು ಲಾಗ್‌ಬುಕ್ ಬಿಡಿಸಿ

ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ವಸಂತನರಸಾಪುರದಲ್ಲೋ ಕೋಲಾರದ ನರಸಾಪುರದಲ್ಲೋ ಕಾರ್ಖಾನೆ ಕಟ್ಟಿ, ಈಗ ಕಂಪನಿಗೊಂದು ಹಳೆಯ ಬಿಸಿನೆಸ್ ಜೆಟ್ ಹುಡುಕುತ್ತಿರುವವರಿಗೂ ಅದೇ ಕಣ್ಣು ಬೇಕು.

ಮೊದಲು ಓಡಾಟದ ಲೆಕ್ಕ ಹಾಕಿ. ‘ಸೂಪರ್ ಮಿಡ್‌ಸೈಜ್’, ಅಂದರೆ ಮಧ್ಯಮ ಗಾತ್ರಕ್ಕಿಂತ ತುಸು ದೊಡ್ಡ ವರ್ಗದ ಜೆಟ್‌ನಲ್ಲಿ ಸಾಮಾನ್ಯವಾಗಿ ಎಂಟು–ಹತ್ತು ಜನ ಕೂರಬಹುದು. ಬೊಂಬಾರ್ಡಿಯರ್ ಚಾಲೆಂಜರ್ 350 ಒಂದೇ ಹಾರಾಟದಲ್ಲಿ ಸುಮಾರು 5,900 ಕಿ.ಮೀ. ಹೋಗುತ್ತದೆ, ಗಲ್ಫ್‌ಸ್ಟ್ರೀಮ್ ಜಿ280 6,600 ಕಿ.ಮೀ. ದಾಟುತ್ತದೆ. ಬೆಂಗಳೂರಿನಿಂದ ದುಬೈ, ಸಿಂಗಪುರ ಸಲೀಸು. ಲಂಡನ್‌ಗಾದರೆ ನಡುವೆ ಇಳಿದು ಇಂಧನ ತುಂಬಿಸಲೇಬೇಕು. ವರ್ಷವಿಡೀ ಮುಂಬೈ, ದೆಹಲಿಗಷ್ಟೇ ಹೋಗುವವರಿಗೆ ಇದಕ್ಕಿಂತ ಚಿಕ್ಕ ಜೆಟ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಳಕೆ ಸ್ವಂತಕ್ಕೋ, ಪರ್ಮಿಟ್ ಪಡೆದು ಬಾಡಿಗೆಗೋ ಎಂಬುದನ್ನು ಆಡಿಟರ್ ಜೊತೆ ಕೂತು ಆಗಲೇ ತೀರ್ಮಾನಿಸಿ. ಸ್ವಂತ ಬಳಕೆಯ ವಿಮಾನಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 40.

ಇನ್ನು ಕಡತ. ಇದಕ್ಕೆ ಎಷ್ಟು ದಿನ ಕೊಟ್ಟರೂ ಕಡಿಮೆಯೇ. ವಿಮಾನ ಕಾರ್ಖಾನೆ ಬಿಟ್ಟ ದಿನದಿಂದ ಇವತ್ತಿನವರೆಗಿನ ಲಾಗ್‌ಬುಕ್, ಅಂದರೆ ಹಾರಾಟ, ರಿಪೇರಿಗಳನ್ನು ಬರೆದಿಡುವ ದಾಖಲೆ ಪುಸ್ತಕ, ಒಂದೂ ತಪ್ಪದೆ ಸಿಗಬೇಕು. ನಡುವಿನ ಒಂದು ಪುಸ್ತಕ ಕಳೆದುಹೋಗಿದ್ದರೂ ಬೆಲೆ ಇಳಿಯುತ್ತದೆ, ನಾಳೆ ನೀವು ಮಾರುವಾಗಲೂ ಅದೇ ಕೊರತೆ ಎದುರು ನಿಲ್ಲುತ್ತದೆ. ಕಡಿಮೆ ಗಂಟೆ ಹಾರಿದೆ ಎಂಬ ಮಾತಿಗೆ ಸಮಾಧಾನಪಡಬೇಡಿ. ಹಲವು ತಪಾಸಣೆಗಳು ಗಂಟೆಯ ಲೆಕ್ಕದವಲ್ಲ, ಕ್ಯಾಲೆಂಡರ್ ಲೆಕ್ಕದವು. ಚಾಲೆಂಜರ್ 300 ಸರಣಿಯಲ್ಲಿ 96 ತಿಂಗಳಿಗೊಮ್ಮೆ ಬರುವ ದೊಡ್ಡ ತಪಾಸಣೆಗೆ ಒಳಾಂಗಣವನ್ನೇ ಬಿಚ್ಚಬೇಕಾಗುತ್ತದೆ. ಅದು ಹತ್ತಿರ ಬಂದಾಗಲೇ ಮಾರಾಟಕ್ಕಿಟ್ಟಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಮುರಿಸಿ. ಎಂಜಿನ್‌ಗಳು ಗಂಟೆಗಿಷ್ಟು ಎಂದು ಹಣ ಕಟ್ಟುವ ನಿರ್ವಹಣಾ ಯೋಜನೆಯಲ್ಲಿವೆಯೇ, ಬಾಕಿ ಉಳಿದಿದೆಯೇ, ಯೋಜನೆ ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಬರಹದಲ್ಲೇ ಕೇಳಿ.

ಕಡತ ಒಪ್ಪಿಗೆಯಾದರೆ ಆಫರ್ ಪತ್ರ. ಮುಂಗಡವನ್ನು ಮಾರುವವರ ಕೈಗೆ ಕೊಡದೆ ಎಸ್ಕ್ರೋ ಖಾತೆಯಲ್ಲಿಡಿ, ಅಂದರೆ ವ್ಯವಹಾರ ಮುಗಿಯುವವರೆಗೆ ಮೂರನೆಯವರ ಬಳಿ ಇರುವ ಖಾತೆಯಲ್ಲಿ. ಆಮೇಲೆ ಖರೀದಿಪೂರ್ವ ತಪಾಸಣೆ. ಇಷ್ಟು ದಿನ ಅದೇ ವಿಮಾನವನ್ನು ನೋಡಿಕೊಂಡ ವರ್ಕ್‌ಶಾಪ್ ಇದಕ್ಕೆ ಬೇಡ, ಬೇರೆಯವರಿಗೆ ಕೊಡಿ. ಎಂಜಿನ್ ಒಳಗೆ ಬೋರೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ತೆಳು ನಳಿಕೆ) ಇಳಿಸಿ ಬ್ಲೇಡ್ ನೋಡಲಿ, ತುಕ್ಕು ಹುಡುಕಲಿ, ಒಮ್ಮೆ ಹಾರಿಸಿ ನೋಡಲಿ. ಹಾರಾಟದ ಸುರಕ್ಷತೆಗೆ ಸಂಬಂಧಿಸಿದ ದೋಷ ಸಿಕ್ಕರೆ ರಿಪೇರಿ ಮಾರುವವರ ಖರ್ಚು ಎಂದು ಕರಾರಿನಲ್ಲೇ ಬರೆಸಿ.

ಸೈಟು ಕೊಳ್ಳುವಾಗ ಇಸಿ ತೆಗೆಸುವಂತೆ ವಿಮಾನದ ಮೇಲಿನ ಸಾಲವನ್ನೂ ಹುಡುಕಿಸಬೇಕು. ಅಮೆರಿಕದಲ್ಲಿ ನೋಂದಾಯಿಸಿದ ವಿಮಾನದ ದಾಖಲೆ ಒಕ್ಲಹೋಮ ಸಿಟಿಯಲ್ಲಿರುತ್ತದೆ. ವಿಮಾನದ ಮೇಲಿನ ಸಾಲ, ಹಕ್ಕುಗಳನ್ನು ದಾಖಲಿಸುವ ಕೇಪ್‌ಟೌನ್ ಒಪ್ಪಂದದ ಅಂತರರಾಷ್ಟ್ರೀಯ ನೋಂದಣಿಯನ್ನೂ ನೋಡಿಸಿ.

ಇಲ್ಲಿಗೆ ತರುವಾಗ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯಲ್ಲಿ ‘ವಿಟಿ’ (ಭಾರತದ ವಿಮಾನಗಳ ಗುರುತಿನ ಅಕ್ಷರ) ನೋಂದಣಿ, ಹಾರಾಟಯೋಗ್ಯತೆಯ ಪ್ರಮಾಣಪತ್ರ ಆಗಬೇಕು. 2021ರ ಜುಲೈ 1ರ ನಂತರ ಭಾರತದಲ್ಲಿ ನೋಂದಾಯಿಸುವ ವಿಮಾನಕ್ಕೆ ಗಗನ್ (ಉಪಗ್ರಹದ ನೆರವಿನಿಂದ ಜಿಪಿಎಸ್ ದಾರಿಯನ್ನು ಇನ್ನಷ್ಟು ನಿಖರವಾಗಿಸುವ ಭಾರತದ ವ್ಯವಸ್ಥೆ) ಉಪಕರಣ ಬೇಕೆಂಬ ನಿಯಮ ಬಂದಿದೆ. ಹಳೆಯ ಜೆಟ್‌ನಲ್ಲಿ ಅದಿಲ್ಲದಿದ್ದರೆ ಅಳವಡಿಸುವ ಖರ್ಚು ಕೂಡಿಸಿಕೊಳ್ಳಿ.

ತುಮಕೂರಿನವರಾಗಲಿ ಚಿಕ್ಕಬಳ್ಳಾಪುರದವರಾಗಲಿ ಜೆಟ್ ಹತ್ತಲು ಬೆಂಗಳೂರಿಗೇ ಬರಬೇಕು. ಅಲ್ಲಿ ನಿಲ್ಲಿಸಲು ಜಾಗ, ಆ ಮಾದರಿಯನ್ನೇ ಹಾರಿಸುವ ಅರ್ಹತೆ ಇರುವ ಇಬ್ಬರು ಪೈಲಟ್‌ಗಳು, ವಿಮೆ, ಈ ಮೂರೂ ಕೊನೆಯ ಕಂತು ಕಟ್ಟುವ ಮೊದಲೇ ಗೊತ್ತಾಗಿರಲಿ.